ಎರಡನೆಯ ಚಾರ್ಲ್ಸ್: ಮರಳಿ ಬಂದ ಅರಸನ ಋಣಗಳು

ರಾಜ್ಯವನ್ನು ಕಳೆದುಕೊಂಡ ಅರಸರ ಕಥೆಗೆ ನಮ್ಮಲ್ಲಿ ಕೊರತೆಯಿಲ್ಲ. ನಳನು ಉಟ್ಟ ಬಟ್ಟೆಯಲ್ಲಿ ಕಾಡು ಸೇರಿದನು. ಹರಿಶ್ಚಂದ್ರನು ಸುಡುಗಾಡು ಕಾಯ್ದನು. ಪಾಂಡವರು ವಿರಾಟನ ಮನೆಯಲ್ಲಿ ವೇಷ ಮರೆಸಿಕೊಂಡು ಊಳಿಗ ಮಾಡಿದರು. ಕಷ್ಟವನ್ನುಂಡು ಮರಳಿ ಬಂದ ಅರಸು ಪ್ರಜೆಯ ಕಷ್ಟವನ್ನು ಬಲ್ಲವನಾಗಿರುತ್ತಾನೆಂಬುದು ಇಂತಹ ಕಥೆಗಳನ್ನು ಕೇಳಿ ಬೆಳೆದವರ ನಂಬಿಕೆ. ಪುರಾಣಗಳಲ್ಲಿ ಈ ನಂಬಿಕೆ ಹುಸಿಯಾಗುವುದಿಲ್ಲ. ಇತಿಹಾಸದಲ್ಲಿ ಏನಾಗುತ್ತದೆ? ಹದಿನೇಳನೆಯ ಶತಮಾನದ ಇಂಗ್ಲೆಂಡಿನಲ್ಲಿ ರಾಜ್ಯವನ್ನು ಕಳೆದುಕೊಂಡು, ಕೂಲಿಯವನ ವೇಷದಲ್ಲಿ ಅಲೆದು, ಒಂಬತ್ತು ವರ್ಷ ಪರದೇಶದಲ್ಲಿ ಸಾಲದ ಅನ್ನ ತಿಂದು, ಕೊನೆಗೆ ಒಂದು ಹನಿ ರಕ್ತ ಚೆಲ್ಲದೆ ಸಿಂಹಾಸನಕ್ಕೆ ಮರಳಿದ ಎರಡನೆಯ ಚಾರ್ಲ್ಸನ ಜೀವನವನ್ನು ಈ ಪ್ರಶ್ನೆಯ ಬೆಳಕಿನಲ್ಲಿ ನೋಡುವುದೇ ಪ್ರಕೃತ ಲೇಖನದ ಉದ್ದೇಶ.

ಚಾರ್ಲ್ಸನು 1630ರ ಮೇ 29ರಂದು ಲಂಡನ್ನಿನ ಸೇಂಟ್ ಜೇಮ್ಸ್ ಅರಮನೆಯಲ್ಲಿ ಜನಿಸಿದನು. (ಈ ಲೇಖನದಲ್ಲಿ ಇಂಗ್ಲೆಂಡಿನ ತಾರೀಖುಗಳನ್ನು ಅಂದಿನ ಹಳೆಯ ಪಂಚಾಂಗದಂತೆಯೇ ಕೊಟ್ಟಿದ್ದೇನೆ.) ತಂದೆ ಒಂದನೆಯ ಚಾರ್ಲ್ಸ್, ತಾಯಿ ಫ್ರಾನ್ಸಿನ ರಾಜಪುತ್ರಿ ಹೆನ್ರಿಯೆಟ್ಟಾ ಮರಿಯಾ. ಅರಸನ ಅಧಿಕಾರ ದೇವದತ್ತವಾದದ್ದು, ಅದಕ್ಕೆ ಅಡ್ಡ ಬರಲು ಯಾರಿಗೂ ಹಕ್ಕಿಲ್ಲವೆಂದು ತಂದೆಯು ದೃಢವಾಗಿ ನಂಬಿದ್ದನು. ಹನ್ನೊಂದು ವರ್ಷಗಳ ಕಾಲ ಪಾರ್ಲಿಮೆಂಟನ್ನೇ ಕರೆಯದೆ ಆಳಿದ ಅವನಿಗೂ ಪಾರ್ಲಿಮೆಂಟಿಗೂ 1642ರಲ್ಲಿ ಯುದ್ಧ ಆರಂಭವಾಯಿತು. ಆಗ ರಾಜಕುಮಾರನಿಗೆ ಹನ್ನೆರಡು ವರ್ಷ. ಎಜ್‌ಹಿಲ್ ಎಂಬಲ್ಲಿ ನಡೆದ ಮೊದಲ ದೊಡ್ಡ ಕಾಳಗವನ್ನು ಅವನು ತಮ್ಮ ಜೇಮ್ಸನೊಡನೆ ಕಣ್ಣಾರೆ ಕಂಡನು. ಹದಿನಾರರ ಹರೆಯಕ್ಕೆ ಕಾಲಿಡುವ ಹೊತ್ತಿಗೆ ತಂದೆಯ ಪಕ್ಷ ಸೋತಿತ್ತು. ಮಗನು ದೇಶ ಬಿಡಬೇಕಾಯಿತು.

1649ರ ಜನವರಿ 30ರಂದು ಲಂಡನ್ನಿನ ವೈಟ್‌ಹಾಲ್ ಅರಮನೆಯ ಮುಂದೆ ಕಟ್ಟಿದ ಕಟ್ಟೆಯ ಮೇಲೆ ಒಂದನೆಯ ಚಾರ್ಲ್ಸನ ಶಿರಚ್ಛೇದವಾಯಿತು. ಮರಣಪತ್ರಕ್ಕೆ 59 ಮಂದಿ ರುಜು ಹಾಕಿದ್ದರು. ಅರಸನನ್ನು ಕತ್ತಲಲ್ಲಿ ಕೊಂದ ಉದಾಹರಣೆಗಳು ಅದಕ್ಕೆ ಮೊದಲೂ ಇದ್ದವು. ಹಗಲಿನಲ್ಲಿ, ಜನರೆದುರಿಗೆ, ವಿಚಾರಣೆ ನಡೆಸಿ ಕೊಂದದ್ದು ಯೂರೋಪನ್ನೇ ನಡುಗಿಸಿತು. ರಾಜಪದವಿಯೂ ಲಾರ್ಡ್ಸ್ ಸಭೆಯೂ ರದ್ದಾದವು. ಇಂಗ್ಲೆಂಡ್ ಗಣರಾಜ್ಯವಾಯಿತು. ಹದಿನೆಂಟರ ತರುಣ ಚಾರ್ಲ್ಸನು ಪರದೇಶದಲ್ಲಿ, ರಾಜ್ಯವಿಲ್ಲದ ರಾಜನಾದನು.

ಅವನನ್ನು ಅರಸನೆಂದು ಸಾರಿದವರು ಸ್ಕಾಟ್ಲೆಂಡಿನವರು. ಆದರೆ ಅದಕ್ಕೊಂದು ಬೆಲೆಯಿತ್ತು. ಅವರ ಪ್ರೆಸ್ಬಿಟೀರಿಯನ್ ಧರ್ಮಪದ್ಧತಿಯನ್ನು ಎತ್ತಿಹಿಡಿಯುವುದಾಗಿ ಅವನು ಪ್ರಮಾಣ ಮಾಡಬೇಕಾಯಿತು. ಮನಸ್ಸಿನಲ್ಲಿ ಒಪ್ಪದಿದ್ದರೂ ಮಾಡಿದನು. 1651ರ ಜನವರಿ 1ರಂದು ಸ್ಕೋನ್ ಎಂಬಲ್ಲಿ ಅವನಿಗೆ ಕಿರೀಟಧಾರಣೆಯಾಯಿತು. ಬಾಯಿ ಕೊಡುವ ಮಾತಿಗೂ ಮನಸ್ಸು ಕೊಡುವ ಒಪ್ಪಿಗೆಗೂ ನಡುವೆ ಎಷ್ಟು ದೂರವಿರಬಹುದೆಂಬುದನ್ನು ಅವನು ಇಪ್ಪತ್ತರ ವಯಸ್ಸಿನಲ್ಲಿಯೇ ಕಲಿತನೆಂದು ನನಗೆ ತೋರುತ್ತದೆ. ಆ ಸ್ಕಾಟಿಷ್ ಸೈನ್ಯದೊಡನೆ ಇಂಗ್ಲೆಂಡಿಗೆ ಇಳಿದು ಬಂದವನು 1651ರ ಸೆಪ್ಟೆಂಬರ್ 3ರಂದು ವೂಸ್ಟರ್ ಪಟ್ಟಣದಲ್ಲಿ ಆಲಿವರ್ ಕ್ರಾಮ್‌ವೆಲ್ಲನ ಕೈಯಲ್ಲಿ ಸಂಪೂರ್ಣವಾಗಿ ಸೋತನು.

ಇಲ್ಲಿಂದ ಮುಂದಿನ ಆರು ವಾರಗಳು ಅವನ ಜೀವನದ ಅತ್ಯಂತ ಸ್ವಾರಸ್ಯವಾದ ಭಾಗ. ಅವನ ತಲೆಗೆ 1,000 ಪೌಂಡು ಬಹುಮಾನ ಸಾರಲಾಯಿತು. ಅವನನ್ನು ಬಚ್ಚಿಟ್ಟವರಿಗೆ ಮರಣ ಕಾದಿತ್ತು. ಬಚ್ಚಿಡುವುದೂ ಸುಲಭವಲ್ಲ, ಆರಡಿಗೂ ಮೀರಿದ ಎತ್ತರ, ಕಪ್ಪು ಕೂದಲು, ಇಂಗ್ಲಿಷರಲ್ಲಿ ಅಪರೂಪವಾದ ಕಂದುಬಣ್ಣದ ಮುಖ. ಇಂತಹವನನ್ನು ಮೊದಲು ಕಾಪಾಡಿದವರು ದೊಡ್ಡ ಮನುಷ್ಯರಲ್ಲ. ಷ್ರಾಪ್‌ಷೈರಿನ ಬಾಸ್ಕೊಬೆಲ್ ಕಾಡಿನಂಚಿನಲ್ಲಿ ಪೆಂಡರೆಲ್ ಎಂಬ ಮನೆತನದ ಐವರು ಅಣ್ಣತಮ್ಮಂದಿರಿದ್ದರು. ಮರ ಕಡಿದು, ಜಮೀನು ನೋಡಿಕೊಂಡು, ಹಿಟ್ಟಿನ ಗಿರಣಿ ನಡೆಸಿ ಬದುಕುವವರು. ಅವರು ಕ್ಯಾಥೋಲಿಕರು, ಅಂದರೆ ಆ ಕಾಲದ ಇಂಗ್ಲೆಂಡಿನಲ್ಲಿ ಸದಾ ಅನುಮಾನಕ್ಕೆ ಗುರಿಯಾದವರು, ಪೂಜೆಯನ್ನು ಕದ್ದು ಮಾಡಬೇಕಾದವರು. ಆ ಅಣ್ಣತಮ್ಮಂದಿರು ಅರಸನ ಉದ್ದ ಕೂದಲನ್ನು ಕತ್ತರಿಸಿ, ಒರಟು ಬಟ್ಟೆ ತೊಡಿಸಿ, ಕೈಗೊಂದು ಕತ್ತಿ ಕೊಟ್ಟು ಮರ ಕಡಿಯುವವನನ್ನಾಗಿ ಮಾಡಿದರು. ಅವನ ಕಾಲಿಗೆ ಒಗ್ಗುವ ಜೋಡು ಆ ಮನೆಗಳಲ್ಲಿರಲಿಲ್ಲ. ಬಿಗಿಯಾದ ಜೋಡಿನಲ್ಲಿ ರಾತ್ರಿಯೆಲ್ಲ ಮಳೆಯಲ್ಲಿ ನಡೆದು ಅಂಗಾಲು ಒಡೆದು ರಕ್ತ ಸುರಿಯಿತು. ಸೆವರ್ನ್ ನದಿಯನ್ನು ದಾಟಿ ವೇಲ್ಸ್ ಸೇರುವ ಯೋಜನೆ ಕೈಗೂಡದೆ ಬಂದ ದಾರಿಗೆ ಸುಂಕವಿಲ್ಲವೆಂದು ಹಿಂತಿರುಗಿದರು. ಮರುದಿನ ಚಾರ್ಲ್ಸನೂ ಅವನ ಕಡೆಯ ಅಧಿಕಾರಿಯೊಬ್ಬನೂ ದಟ್ಟವಾಗಿ ಬೆಳೆದ ಒಂದು ಓಕ್ ಮರವನ್ನೇರಿ ಹಗಲೆಲ್ಲ ಕುಳಿತರು. ಕೆಳಗೆ ಕಾಡಿನಲ್ಲಿ ಸಿಪಾಯಿಗಳು ಹುಡುಕುತ್ತಿದ್ದರು. ಬಳಲಿದ ಅರಸನು ಆ ಕೊಂಬೆಗಳ ನಡುವೆಯೇ ನಿದ್ದೆ ಹೋದನು.

ಅಲ್ಲಿಂದ ಗಿರಣಿಯವನ ಕುದುರೆಯೇರಿ ಮೋಸ್ಲಿ ಎಂಬ ಹಳ್ಳಿಯ ಮನೆಗೆ ಬಂದಾಗ ಆ ಮನೆಯಲ್ಲಿ ಅಡಗಿದ್ದ ಜಾನ್ ಹಡಲ್‌ಸ್ಟನ್ ಎಂಬ ಕ್ಯಾಥೋಲಿಕ್ ಪಾದ್ರಿಯು ಅವನ ಗಾಯಗೊಂಡ ಪಾದಗಳನ್ನು ತೊಳೆದು ಉಪಚರಿಸಿದನು. ಈ ಪಾದ್ರಿಯ ಹೆಸರನ್ನು ಓದುಗರು ನೆನಪಿನಲ್ಲಿಡಬೇಕೆಂದು ಕೋರುತ್ತೇನೆ. ಮುಂದೆ ಜೇನ್ ಲೇನ್ ಎಂಬ ಧೈರ್ಯಶಾಲಿ ತರುಣಿಯ ಸೇವಕನ ವೇಷದಲ್ಲಿ, ಅವಳನ್ನು ಕುದುರೆಯ ಮೇಲೆ ಹಿಂದೆ ಕೂರಿಸಿಕೊಂಡು ಸಿಪಾಯಿಗಳ ನಡುವೆಯೇ ಸಾಗಿದನು. ಕೊನೆಗೆ ಅಕ್ಟೋಬರ್ 15ರ ಬೆಳಗಿನ ಜಾವ ಶೋರಂ ಎಂಬ ಕಡಲತೀರದಿಂದ ಕಲ್ಲಿದ್ದಲು ಸಾಗಿಸುವ ಚಿಕ್ಕ ಹಡಗೊಂದರಲ್ಲಿ ಫ್ರಾನ್ಸಿಗೆ ಪಾರಾದನು. ಹತ್ತಾರು ಜನ ಈ ಗುಟ್ಟನ್ನು ಬಲ್ಲವರಾಗಿದ್ದರು. ತಲೆಮಾರುಗಳ ಬಡತನವನ್ನು ಒಂದೇ ದಿನದಲ್ಲಿ ತೊಡೆದುಹಾಕಬಹುದಾದಷ್ಟು ಹಣ ಅವರ ಕೈಯಳತೆಯಲ್ಲಿತ್ತು. ಆದರೂ ಒಬ್ಬನೇ ಒಬ್ಬನು ಬಾಯಿ ಬಿಡಲಿಲ್ಲ.

ರಜೆಗೆ ಊರಿಗೆ ಹೋಗಿದ್ದಾಗ ಈ ಕಥೆಯನ್ನು ನಮ್ಮ ತಂದೆಯವರಿಗೆ ಹೇಳಿದೆ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ತಂದೆಯವರಿಗೆ ರುಜು ಹಾಕುವಷ್ಟು ಮಾತ್ರ ಅಕ್ಷರ ಬರುತ್ತದೆ. ಅವರು ಯುದ್ಧ ಯಾಕಾಯಿತೆಂದಾಗಲಿ ಕ್ರಾಮ್‌ವೆಲ್ಲನು ಯಾರೆಂದಾಗಲಿ ಕೇಳಲಿಲ್ಲ. ಪಟ್ಟ ಸಿಕ್ಕಿದ ಮೇಲೆ ಆ ಅರಸನು ಮರ ಕಡಿಯುವವರ ಮನೆ ಕಡೆ ತಿರುಗಿ ನೋಡಿದನೇ ಎಂದಷ್ಟೇ ಕೇಳಿದರು. ಪರೀಕ್ಷೆಗೆಂದು ನಾನು ಬರೆದುಕೊಂಡಿದ್ದ ಟಿಪ್ಪಣಿಯಲ್ಲಿ ಸಂಧಿಗಳೂ ಶಾಸನಗಳೂ ಇದ್ದವು. ಈ ಪ್ರಶ್ನೆಗೆ ಉತ್ತರವಿರಲಿಲ್ಲ. ಮರಳಿ ಬಂದು ಗ್ರಂಥಾಲಯದಲ್ಲಿ ಹುಡುಕಿದೆ. ಸಿಕ್ಕಿದ ಉತ್ತರ ಒಂದಲ್ಲ, ಎರಡು. ಅವೆರಡೂ ಒಂದನ್ನೊಂದು ಒಪ್ಪುವುದಿಲ್ಲ. ಅದನ್ನೇ ಮುಂದೆ ನಿವೇದಿಸುತ್ತೇನೆ.

ಮೊದಲು ಅವನು ಮರಳಿದ ಬಗೆಯನ್ನು ತಿಳಿಯಬೇಕು. ಪ್ಯಾರಿಸ್, ಕೊಲೋನ್, ಬ್ರೂಷ್, ಬ್ರಸೆಲ್ಸ್ ಎಂದು ಊರಿಂದೂರಿಗೆ ಅಲೆದ ಆ ವರ್ಷಗಳಲ್ಲಿ ಅವನ ಪರಿವಾರದವರಿಗೆ ಊಟಕ್ಕೂ ತತ್ವಾರವಿತ್ತು. ಯೂರೋಪಿನ ಅರಸರು ಅವನನ್ನು ಬೇಕಾದಾಗ ಎಳೆದುಕೊಂಡರು, ಬೇಡವಾದಾಗ ದೂಡಿದರು. ಇತ್ತ 1653ರಲ್ಲಿ ಕ್ರಾಮ್‌ವೆಲ್ಲನು ದೇಶಪಾಲಕನೆಂಬ ಬಿರುದಿನಿಂದ ಅಧಿಕಾರ ವಹಿಸಿದನು. ಅವನು ದಕ್ಷನು, ದೃಢಮನಸ್ಸಿನವನು. ಆದರೆ ಅವನ ಆಡಳಿತ ನಿಂತದ್ದು ಸೈನ್ಯದ ಬಲದ ಮೇಲೆ. 1658ರ ಸೆಪ್ಟೆಂಬರ್ 3ರಂದು, ಅಂದರೆ ವೂಸ್ಟರಿನ ಜಯದ ದಿನದಂದೇ, ಅವನು ತೀರಿಕೊಂಡನು. ಮಗ ರಿಚರ್ಡನು ವರ್ಷ ತುಂಬುವ ಮೊದಲೇ ಅಧಿಕಾರ ಬಿಟ್ಟನು. ಸೇನಾಪತಿಗಳು ಒಬ್ಬರನ್ನೊಬ್ಬರು ನಂಬದಾದರು, ಸೈನಿಕರಿಗೆ ಸಂಬಳ ಬಾಕಿಯಾಯಿತು, ವ್ಯಾಪಾರ ಕುಸಿಯಿತು.

ಆಗ ಸ್ಕಾಟ್ಲೆಂಡಿನಲ್ಲಿದ್ದ ಜಾರ್ಜ್ ಮಂಕ್ ಎಂಬ ಸೇನಾನಿ ತನ್ನ ಪಡೆಯೊಡನೆ 1660ರ ಜನವರಿಯ ಆರಂಭದಲ್ಲಿ ಗಡಿಯ ಟ್ವೀಡ್ ನದಿಯನ್ನು ದಾಟಿ ದಕ್ಷಿಣಕ್ಕೆ ಹೊರಟನು. ಮಿತಭಾಷಿಯಾದ ಅವನ ಮನಸ್ಸಿನಲ್ಲಿ ಏನಿದೆಯೆಂದು ಯಾರಿಗೂ ತಿಳಿಯಲಿಲ್ಲ. ಫೆಬ್ರವರಿ 3ರಂದು ಲಂಡನ್ ಸೇರಿದ ಮಂಕನು, 1648ರಲ್ಲಿ ಸೈನ್ಯವು ಹೊರದೂಡಿದ್ದ ಪಾರ್ಲಿಮೆಂಟಿನ ಸದಸ್ಯರನ್ನು ಮತ್ತೆ ಒಳಗೆ ಕೂರಿಸಿದನು. ಆ ಪಾರ್ಲಿಮೆಂಟು ಮಾರ್ಚಿಯಲ್ಲಿ ತನ್ನನ್ನು ತಾನೇ ವಿಸರ್ಜಿಸಿಕೊಂಡಿತು. ಹೊಸ ಚುನಾವಣೆ ನಡೆಯಿತು.

ಈ ಸಮಯಕ್ಕೆ ಸರಿಯಾಗಿ ಚಾರ್ಲ್ಸನು ಹಾಲೆಂಡಿನ ಬ್ರೇಡಾ ಪಟ್ಟಣದಿಂದ 1660ರ ಏಪ್ರಿಲ್ 4ರಂದು ಒಂದು ಘೋಷಣೆಯನ್ನು ಹೊರಡಿಸಿದನು. ಅದರಲ್ಲಿ ನಾಲ್ಕು ಮಾತುಗಳಿದ್ದವು. ಪಾರ್ಲಿಮೆಂಟು ಹೊರತುಪಡಿಸಿದವರನ್ನು ಬಿಟ್ಟು ಮಿಕ್ಕೆಲ್ಲರಿಗೂ ಕ್ಷಮೆ. ದೇಶದ ಶಾಂತಿಗೆ ಭಂಗ ತರದ ಯಾರನ್ನೂ ಧರ್ಮಾಭಿಪ್ರಾಯಕ್ಕಾಗಿ ಪೀಡಿಸದಿರುವುದು. ಗಲಭೆಯ ಕಾಲದಲ್ಲಿ ಕೈ ಬದಲಾಯಿಸಿದ ಜಮೀನುಗಳ ತಕರಾರನ್ನು ಪಾರ್ಲಿಮೆಂಟಿನ ತೀರ್ಮಾನಕ್ಕೆ ಬಿಡುವುದು. ಸೈನಿಕರ ಬಾಕಿ ಸಂಬಳವನ್ನು ಪೂರ್ತಿ ಕೊಡುವುದು. ಘೋಷಣೆಯ ಜಾಣತನ ಇರುವುದು ಒಂದು ಅಂಶದಲ್ಲಿ: ಎಲ್ಲವನ್ನೂ ಕೊನೆಗೆ ಪಾರ್ಲಿಮೆಂಟಿನ ತೀರ್ಮಾನಕ್ಕೆ ಕಟ್ಟಿಹಾಕಲಾಗಿತ್ತು. ಇದನ್ನು ಅವನಿಗೆ ಹೇಳಿಕೊಟ್ಟವನು ಪರದೇಶವಾಸದುದ್ದಕ್ಕೂ ಜೊತೆಗಿದ್ದ ಮಂತ್ರಿ ಎಡ್ವರ್ಡ್ ಹೈಡ್, ಮುಂದೆ ಕ್ಲಾರೆಂಡನ್ ಪ್ರಭುವಾದವನು.

ಮೇ 8ರಂದು ಚಾರ್ಲ್ಸನನ್ನು ಅರಸನೆಂದು ಸಾರಲಾಯಿತು. ಅವನನ್ನು ಕರೆತರಲು ಹೋದ ಹಡಗಿನ ಹೆಸರು ನೇಸ್ಬಿ. ಅದು ಅವನ ತಂದೆ ಸೋತ ರಣರಂಗದ ಹೆಸರು. ಆ ಹೆಸರನ್ನು ಅಳಿಸಿ ರಾಯಲ್ ಚಾರ್ಲ್ಸ್ ಎಂದು ಬರೆದರು. ಮೇ 25ರಂದು ಡೋವರ್ ತೀರದಲ್ಲಿ ಇಳಿದು, ತನ್ನ ಮೂವತ್ತನೆಯ ಹುಟ್ಟುಹಬ್ಬವಾದ ಮೇ 29ರಂದು ಅವನು ಲಂಡನ್ ಪ್ರವೇಶಿಸಿದನು. ದಾರಿಯಲ್ಲಿ ಹೂ ಚೆಲ್ಲಿದರು, ಗಂಟೆಗಳು ಮೊಳಗಿದವು. ಹನ್ನೊಂದು ವರ್ಷಗಳ ಹಿಂದೆ ತಂದೆಯ ತಲೆ ಉರುಳಿದ ಅದೇ ವೈಟ್‌ಹಾಲಿನಲ್ಲಿ ಮಗನು ಪಾರ್ಲಿಮೆಂಟಿನ ಎರಡೂ ಸಭೆಗಳ ಸ್ವಾಗತವನ್ನು ಸ್ವೀಕರಿಸಿದನು. 1661ರ ಏಪ್ರಿಲ್ 23ರಂದು ವೆಸ್ಟ್‌ಮಿನ್‌ಸ್ಟರಿನಲ್ಲಿ ಪಟ್ಟಾಭಿಷೇಕವಾಯಿತು. ಹಳೆಯ ಕಿರೀಟವನ್ನು ಗಣರಾಜ್ಯದವರು ಕರಗಿಸಿ ಮಾರಿಬಿಟ್ಟಿದ್ದರಿಂದ ಹೊಸದನ್ನು ಮಾಡಿಸಬೇಕಾಯಿತು. ಇದು ಬರಿಯ ಆಭರಣದ ಮಾತಲ್ಲ. ರಾಜತ್ವವೇ ಹೊಸ ಎರಕದ್ದಾಗಿತ್ತು. ಪಾರ್ಲಿಮೆಂಟು ಕರೆದುದರಿಂದ ಅರಸನು ಬಂದನು. ವರ್ಷಕ್ಕೆ 12,00,000 ಪೌಂಡು ಆದಾಯವನ್ನು ಪಾರ್ಲಿಮೆಂಟು ಗೊತ್ತುಮಾಡಿತು. ಕರೆಯುವವರಿಗೂ ಕೊಡುವವರಿಗೂ ಒಂದು ಅಧಿಕಾರ ತಾನಾಗಿಯೇ ಬಂದುಬಿಡುತ್ತದೆ.

ಈಗ ತಂದೆಯವರ ಪ್ರಶ್ನೆಗೆ ಬರೋಣ. ಅರಸನು ತಿರುಗಿ ನೋಡಿದನೇ? ನೋಡಿದನು. ಅವನ ಪಟ್ಟ ಬಂದ ಬೇಸಗೆಯಲ್ಲಿಯೇ ಪೆಂಡರೆಲ್ ಅಣ್ಣತಮ್ಮಂದಿರು ವೈಟ್‌ಹಾಲಿಗೆ ಬಂದರು. ಕಾಡಿನ ಬಡವರನ್ನು ಅರಸನು ಆಸ್ಥಾನದಲ್ಲಿ ಗೌರವಿಸಿದನು. ಅವರಿಗೂ ಅವರ ಸಂತತಿಗೂ ಸಲ್ಲುವಂತೆ ವರ್ಷಾಶನಗಳನ್ನು ಬರೆದುಕೊಟ್ಟನು. ಆ ವರ್ಷಾಶನವನ್ನು ಅವರ ವಂಶದವರು ಮೂರು ಶತಮಾನ ಕಳೆದ ಮೇಲೂ ಪಡೆಯುತ್ತ ಬಂದರು. ಜೇನ್ ಲೇನಳಿಗೆ ವರ್ಷಕ್ಕೆ 1,000 ಪೌಂಡು ಗೊತ್ತಾಯಿತು. ಕಡಲು ದಾಟಿಸಿದ ಹಡಗಿನ ಒಡೆಯನಿಗೂ ವರ್ಷಾಶನ ದೊರೆಯಿತು. ಹಡಲ್‌ಸ್ಟನ್ ಪಾದ್ರಿಗೆ ಅರಮನೆಯ ಆಶ್ರಯ ಸಿಕ್ಕಿತು. ಚಾರ್ಲ್ಸನು ಆ ಆರು ವಾರಗಳನ್ನು ಸಾಯುವವರೆಗೂ ಮರೆಯಲಿಲ್ಲ. 1660ರಲ್ಲಿ ಹಡಗಿನ ಮೇಲೆ ಅದನ್ನು ಹೇಳುತ್ತಿದ್ದಾಗ ಕೇಳಿಸಿಕೊಂಡವರಲ್ಲಿ ದರ್ಜಿಯ ಮಗನಾದ ಸ್ಯಾಮ್ಯುಯೆಲ್ ಪೀಪ್ಸನೂ ಒಬ್ಬನು. ಇಪ್ಪತ್ತು ವರ್ಷಗಳ ತರುವಾಯ ಅರಸನು ಅದೇ ಪೀಪ್ಸನಿಗೆ ಆ ವೃತ್ತಾಂತವನ್ನು ಆದ್ಯಂತವಾಗಿ ಹೇಳಿ ಬರೆಸಿದನು. ಉಂಡ ಮನೆಯನ್ನು ನೆನೆಯುವ ಗುಣ ಈ ಅರಸನಲ್ಲಿತ್ತೆಂಬುದರಲ್ಲಿ ಸಂದೇಹವಿಲ್ಲ. ಇದು ಮೊದಲನೆಯ ಉತ್ತರ.

ಎರಡನೆಯ ಉತ್ತರ ಇಷ್ಟು ಹಿತವಾದುದಲ್ಲ. ಬ್ರೇಡಾದಲ್ಲಿ ಕೊಟ್ಟ ಮಾತುಗಳು ಏನಾದವು? ಸೈನಿಕರ ಬಾಕಿ ತೀರಿಸಿ ಸೈನ್ಯವನ್ನು ಬಹುಮಟ್ಟಿಗೆ ವಿಸರ್ಜಿಸಲಾಯಿತು. ಇದು ಮೆಚ್ಚತಕ್ಕ ವಿಷಯ. ಕ್ಷಮೆಯ ಶಾಸನವೂ 1660ರ ಆಗಸ್ಟಿನಲ್ಲಿ ಜಾರಿಗೆ ಬಂದಿತು. ತಂದೆಯ ಸಾವಿಗೆ ಹೊಣೆಯೆಂದು ಅಕ್ಟೋಬರಿನಲ್ಲಿ 10 ಮಂದಿಯನ್ನು ಕೊಲ್ಲಲಾಯಿತು. ಹಿಂದಿನ ಯುಗದ ಸೇಡಿಗೆ ಹೋಲಿಸಿದರೆ ಇದು ಕಡಿಮೆಯೆಂದೇ ಹೇಳಬೇಕು. ಆದರೆ ಸತ್ತವರಿಗೆ ಕ್ಷಮೆಯಿರಲಿಲ್ಲ. 1661ರ ಜನವರಿ 30ರಂದು ಕ್ರಾಮ್‌ವೆಲ್ಲನ ಹೆಣವನ್ನು ಗೋರಿಯಿಂದ ತೆಗೆದು ಟೈಬರ್ನಿನ ಗಲ್ಲುಕಂಬಕ್ಕೆ ನೇತುಹಾಕಿದರು. ಅರಸನ ಕೊಲೆಯಲ್ಲಿ ಭಾಗಿಯಾಗದಿದ್ದ ಹೆನ್ರಿ ವೇನ್ ಎಂಬ ಗಣರಾಜ್ಯವಾದಿಯ ಪ್ರಾಣವನ್ನು ಉಳಿಸುವುದಾಗಿ ಚಾರ್ಲ್ಸನು ಒಪ್ಪಿದ್ದನು. 1662ರ ಜೂನಿನಲ್ಲಿ ಅವನ ತಲೆಯೂ ಹೋಯಿತು. ಅವನು ಬದುಕಿದ್ದರೆ ಅಪಾಯವೆಂಬುದೇ ಕಾರಣ.

ಧರ್ಮಸ್ವಾತಂತ್ರ್ಯದ ಮಾತಿಗಂತೂ ಪೂರ್ಣವಾಗಿ ಭಂಗ ಬಂದಿತು. ಹೊಸ ಪಾರ್ಲಿಮೆಂಟಿನಲ್ಲಿ ಅರಸನಿಗಿಂತಲೂ ಹೆಚ್ಚಾಗಿ ಅರಸನ ಪಕ್ಷ ವಹಿಸಿದವರು ತುಂಬಿದ್ದರು. 1661ರಿಂದ 1665ರೊಳಗೆ ನಾಲ್ಕು ಶಾಸನಗಳು ಹೊರಟವು. ರಾಷ್ಟ್ರೀಯ ಚರ್ಚಿನ ಪದ್ಧತಿಯನ್ನು ಒಪ್ಪದವರಿಗೆ ಪಟ್ಟಣಸಭೆಗಳಲ್ಲಿ ಅಧಿಕಾರವಿಲ್ಲ, ಚರ್ಚುಗಳಲ್ಲಿ ಸ್ಥಾನವಿಲ್ಲ, ಮನೆಯವರಲ್ಲದೆ ಐವರು ಅಥವಾ ಅದಕ್ಕಿಂತ ಹೆಚ್ಚು ಮಂದಿ ಕೂಡಿ ಪ್ರಾರ್ಥಿಸಿದರೆ ದಂಡ. 1662ರಲ್ಲಿ ಸುಮಾರು 2,000 ಬೋಧಕರು ಸ್ಥಾನ ಕಳೆದುಕೊಂಡರು. ಬೆಡ್‌ಫರ್ಡಿನ ಜಾನ್ ಬನಿಯನ್ ಎಂಬ ಪಾತ್ರೆ ಬೆಸುಗೆಯವನು, ಪರವಾನಗಿಯಿಲ್ಲದೆ ಬೋಧಿಸಿದ್ದಕ್ಕಾಗಿ, ಹಳೆಯ ಕಾನೂನೊಂದರ ಕೆಳಗೆ 1660ರಲ್ಲಿ ಸೆರೆ ಸೇರಿ ಹನ್ನೆರಡು ವರ್ಷ ಅಲ್ಲಿಯೇ ಕಳೆದನು. ಕ್ವೇಕರ್ ಪಂಥದವರು ನೂರಾರು ಮಂದಿ ಸೆರೆಮನೆಗಳಲ್ಲಿ ಸತ್ತರು.

ಇದರಲ್ಲಿ ಅರಸನದೇ ತಪ್ಪೆಂದು ಹೇಳುವುದು ನ್ಯಾಯವಲ್ಲ. ಚಾರ್ಲ್ಸನು ಸ್ವಭಾವತಃ ಪೀಡಕನಲ್ಲ. 1662ರಲ್ಲಿಯೂ 1672ರಲ್ಲಿಯೂ ಈ ಕಾನೂನುಗಳನ್ನು ಸಡಿಲಿಸಲು ಯತ್ನಿಸಿದನು. ಬನಿಯನ್ನನ ಬಿಡುಗಡೆಯಾದದ್ದು ಎರಡನೆಯ ಯತ್ನದ ಫಲವಾಗಿಯೇ. ಆದರೆ ಪಾರ್ಲಿಮೆಂಟು ಹಣವನ್ನು ಬಿಗಿಹಿಡಿದಾಗಲೆಲ್ಲ ಅವನು ಮಾತನ್ನು ಬಿಟ್ಟುಕೊಟ್ಟನು. ಮತ್ತೊಮ್ಮೆ ದೇಶಭ್ರಷ್ಟನಾಗಬಾರದೆಂಬುದೇ ಅವನ ರಾಜನೀತಿಯ ಮೊದಲ ಸೂತ್ರವಾಗಿತ್ತು. ಮರದ ಮೇಲೆ ಕುಳಿತವನು ಕಲಿತ ಪಾಠ ಪ್ರಜೆಯ ಕಷ್ಟವಲ್ಲ, ಮರದಿಂದ ಬೀಳದಿರುವ ಉಪಾಯ.

1665ರಲ್ಲಿ ಲಂಡನ್ನಿಗೆ ಪ್ಲೇಗು ಬಂದಿತು. ಸರ್ಕಾರದ ಲೆಕ್ಕದಲ್ಲಿಯೇ ಆ ವರ್ಷ 68,000ಕ್ಕೂ ಹೆಚ್ಚು ಮಂದಿ ಸತ್ತರು. 1666ರ ಸೆಪ್ಟೆಂಬರ್ 2ರಂದು ಒಂದು ರೊಟ್ಟಿ ಅಂಗಡಿಯಲ್ಲಿ ಹತ್ತಿದ ಬೆಂಕಿ 13,200 ಮನೆಗಳನ್ನೂ 87 ಚರ್ಚುಗಳನ್ನೂ ನುಂಗಿತು. ಆ ದಿನಗಳಲ್ಲಿ ಅರಸನು ತಮ್ಮನೊಡನೆ ಬೀದಿಗಿಳಿದು, ಮಸಿ ಮೆತ್ತಿದ ಮೈಯಲ್ಲಿ, ನೀರು ಸಾಗಿಸುವವರ ನಡುವೆ ನಿಂತು ದುಡಿದನು. ಕಣ್ಣೆದುರಿಗೆ ಕಂಡ ಸಂಕಟಕ್ಕೆ ಅವನ ಮನಸ್ಸು ಮಿಡಿಯುತ್ತಿತ್ತು.

ಕಣ್ಣಿಗೆ ಕಾಣದ ಸಂಕಟದ ಮಾತು ಬೇರೆ. ಡಚ್ಚರೊಡನೆ ನಡೆದಿದ್ದ ಯುದ್ಧದಲ್ಲಿ ನಾವಿಕರಿಗೆ ಸಂಬಳದ ಬದಲು ಚೀಟಿಗಳನ್ನು ಕೊಡುತ್ತಿದ್ದರು. ಆ ಚೀಟಿಗೆ ಹಣ ಸಿಗುವುದು ಲಂಡನ್ನಿನ ನೌಕಾ ಕಚೇರಿಯಲ್ಲಿ, ಅಲ್ಲಿ ಹಣವಿಲ್ಲ. ಹೊಟ್ಟೆಗಿಲ್ಲದ ನಾವಿಕರು ಚೀಟಿಗಳನ್ನು ಸಿಕ್ಕಿದಷ್ಟಕ್ಕೆ ಮಾರಿದರು. ಅವರ ಹೆಂಡಿರು ಕಚೇರಿಯ ಅಂಗಳದಲ್ಲಿ ನಿಂತು ಗೋಳಿಟ್ಟರು. ಆ ಕಚೇರಿಯಲ್ಲಿ ಅಧಿಕಾರಿಯಾಗಿದ್ದ ಪೀಪ್ಸನು ಅದನ್ನು ತನ್ನ ದಿನಚರಿಯಲ್ಲಿ ದಾಖಲಿಸಿದ್ದಾನೆ. ಅದೇ ಕಾಲದಲ್ಲಿ ಅರಮನೆಯಲ್ಲಿ ಪ್ರೇಯಸಿಯರಿಗೂ ಜೂಜಿಗೂ ನಾಟಕಕ್ಕೂ ಹಣ ಹರಿಯುತ್ತಿತ್ತು. ಹಣವಿಲ್ಲವೆಂದು ದೊಡ್ಡ ಹಡಗುಗಳನ್ನು ಕಡಲಿಗಿಳಿಸದೆ ಕಟ್ಟಿಹಾಕಿದ್ದರು. 1667ರ ಜೂನಿನಲ್ಲಿ ಡಚ್ ನೌಕಾಪಡೆ ಮೆಡ್ವೆ ನದಿಯೊಳಕ್ಕೆ ನುಗ್ಗಿ, ಅಡ್ಡ ಕಟ್ಟಿದ್ದ ಸರಪಳಿಯನ್ನು ಮುರಿದು, ಹಡಗುಗಳನ್ನು ಸುಟ್ಟಿತು. ಡಚ್ಚರ ಹಡಗುಗಳಲ್ಲಿ ಇಂಗ್ಲಿಷ್ ನಾವಿಕರೂ ಇದ್ದರು; ಅಲ್ಲಿ ಚೀಟಿಯಲ್ಲ, ಹಣ ಸಿಗುತ್ತಿತ್ತು. ಡಚ್ಚರು ಸೆರೆಹಿಡಿದು ಎಳೆದೊಯ್ದ ಹಡಗು ಯಾವುದು? ಏಳು ವರ್ಷಗಳ ಹಿಂದೆ ಅರಸನನ್ನು ಹೊತ್ತು ತಂದ ಅದೇ ರಾಯಲ್ ಚಾರ್ಲ್ಸ್. ಅದರ ಹಿಂಭಾಗದ ಕೆತ್ತನೆ ಇಂದು ಆಮ್‌ಸ್ಟರ್‌ಡಾಮಿನ ವಸ್ತುಸಂಗ್ರಹಾಲಯದಲ್ಲಿದೆ. ಸಂಧಿಗೆ ಸಹಿ ಬಿದ್ದ ಊರು ಮತ್ತೆ ಬ್ರೇಡಾ! ಮಾತು ಕೊಟ್ಟ ಊರಿನಲ್ಲಿಯೇ ಮಾನವನ್ನು ಕೊಟ್ಟುಬರಬೇಕಾಯಿತು. ಇದರ ಹೊಣೆಯನ್ನು ಮುದಿ ಕ್ಲಾರೆಂಡನ್ನನ ತಲೆಗೆ ಕಟ್ಟಲಾಯಿತು. ಅರಸನೊಡನೆ ಹಸಿವನ್ನು ಹಂಚಿಕೊಂಡಿದ್ದ ಆ ಮಂತ್ರಿ ಎರಡನೆಯ ಸಲ ದೇಶ ಬಿಟ್ಟು, 1674ರಲ್ಲಿ ಫ್ರಾನ್ಸಿನಲ್ಲಿಯೇ ಮಡಿದನು.

ಈ ಅರಸನ ಸಂಸಾರದ ಒಂದು ವಿಷಯ ನಮ್ಮ ದೇಶದವರೆಗೂ ಬಂದಿದೆ. 1640ರಲ್ಲಿ ಸ್ಪೇನಿನಿಂದ ಬಿಡಿಸಿಕೊಂಡು ತನ್ನ ರಾಜವಂಶವನ್ನು ಸ್ಥಾಪಿಸಿಕೊಂಡಿದ್ದ ಪೋರ್ಚುಗಲ್ಲಿಗೆ ಇಂಗ್ಲೆಂಡಿನ ಸ್ನೇಹ ಬೇಕಾಗಿತ್ತು. 1662ರಲ್ಲಿ ಅಲ್ಲಿಯ ರಾಜಪುತ್ರಿ ಕ್ಯಾಥರೀನಳು ಚಾರ್ಲ್ಸನ ಕೈಹಿಡಿದಳು. ಅವಳ ಬಳುವಳಿಯಲ್ಲಿ ಮುಂಬಯಿ ದ್ವೀಪವೂ ಸೇರಿತ್ತು. ಅದರಿಂದ ಲಾಭ ಕಾಣದ ಅರಸನು 1668ರಲ್ಲಿ ವರ್ಷಕ್ಕೆ 10 ಪೌಂಡು ಗೇಣಿಯ ಮೇಲೆ ಅದನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟನು. ಆ ದ್ವೀಪವೇ ಬೆಳೆದು ಪ್ರಾಂತವಾಯಿತು. ನಮ್ಮ ಧಾರವಾಡ, ಬೆಳಗಾವಿ, ವಿಜಯಪುರ, ಉತ್ತರ ಕನ್ನಡ ಸೀಮೆಗಳು 1956ರವರೆಗೂ ಮುಂಬಯಿಯ ಆಡಳಿತದಲ್ಲಿದ್ದವೆಂಬುದನ್ನು ನೆನೆದರೆ, ಆ ಗೇಣಿಪತ್ರದ ನೆರಳು ಎಷ್ಟು ಉದ್ದವಾಗಿತ್ತೆಂಬುದು ತಿಳಿಯುತ್ತದೆ. ನಮ್ಮ ಹಿರಿಯರನ್ನು ಯಾರೂ ಕೇಳಿರಲಿಲ್ಲ.

ಪಾರ್ಲಿಮೆಂಟಿನ ಹಣದ ಹಿಡಿತದಿಂದ ಬಿಡಿಸಿಕೊಳ್ಳಲು ಚಾರ್ಲ್ಸನು 1670ರಲ್ಲಿ ಫ್ರಾನ್ಸಿನ ಹದಿನಾಲ್ಕನೆಯ ಲೂಯಿಯೊಡನೆ ಡೋವರಿನಲ್ಲಿ ಗುಪ್ತ ಒಪ್ಪಂದ ಮಾಡಿಕೊಂಡನು. ಹಣಕ್ಕೆ ಪ್ರತಿಯಾಗಿ, ಸಮಯ ನೋಡಿ ಕ್ಯಾಥೋಲಿಕ್ ಮತವನ್ನು ಬಹಿರಂಗವಾಗಿ ಸ್ವೀಕರಿಸುವುದಾಗಿ ಮಾತು ಕೊಟ್ಟನು. ಆ ಸಮಯ ಬರಲೇ ಇಲ್ಲ. ಗುಟ್ಟಿನ ವಾಸನೆ ಹಿಡಿದ ದೇಶದಲ್ಲಿ ಅನುಮಾನ ಬೆಳೆಯಿತು. 1678ರಲ್ಲಿ ಟೈಟಸ್ ಓಟ್ಸ್ ಎಂಬ ಸುಳ್ಳುಗಾರನು ಅರಸನನ್ನು ಕೊಲ್ಲಲು ಕ್ಯಾಥೋಲಿಕರು ಸಂಚು ಹೂಡಿದ್ದಾರೆಂದು ಕಥೆ ಕಟ್ಟಿದನು. ಅರಸನು ತಾನೇ ಅವನನ್ನು ಪ್ರಶ್ನಿಸಿ ಸುಳ್ಳನ್ನು ಹಿಡಿದನು. ಆದರೂ ಜನರ ಉನ್ಮಾದಕ್ಕೆ ಎದುರು ನಿಲ್ಲಲಿಲ್ಲ. 20ಕ್ಕೂ ಹೆಚ್ಚು ನಿರಪರಾಧಿಗಳು ಗಲ್ಲಿಗೇರಿದರು. ಕೊನೆಯವನು 1681ರ ಜುಲೈ 1ರಂದು ಸತ್ತ ಐರ್ಲೆಂಡಿನ ಆರ್ಚ್‌ಬಿಷಪ್ ಆಲಿವರ್ ಪ್ಲಂಕೆಟ್. ಅದೇ ಸಂಚಿನ ಗದ್ದಲದಲ್ಲಿ ಪೆಂಡರೆಲ್ಲರನ್ನೂ ಹಡಲ್‌ಸ್ಟನ್ನನನ್ನೂ ಕ್ಯಾಥೋಲಿಕರ ವಿರುದ್ಧದ ಕಾನೂನುಗಳಿಂದ ಹೆಸರು ಹೇಳಿ ವಿನಾಯಿತಿಗೊಳಿಸಲಾಗಿತ್ತು. ಅರಸನಿಗೆ ಅನ್ನ ಹಾಕಿದ್ದವರು ಉಳಿದರು. ಅನ್ನ ಹಾಕುವ ಅವಕಾಶವೇ ಸಿಗದಿದ್ದವರು ಸತ್ತರು. ಈ ಮಾತನ್ನು ಓದಿದ ದಿನ ನಾನು ಪುಸ್ತಕವನ್ನು ಮುಚ್ಚಿ ಬಹಳ ಹೊತ್ತು ಸುಮ್ಮನೆ ಕುಳಿತಿದ್ದೆ.

ಕ್ಯಾಥೋಲಿಕನಾದ ತಮ್ಮ ಜೇಮ್ಸನಿಗೆ ಪಟ್ಟ ಸಲ್ಲಬಾರದೆಂದು ಪಾರ್ಲಿಮೆಂಟು ಹಟ ಹಿಡಿದಾಗ ಮಾತ್ರ ಚಾರ್ಲ್ಸನು ಅಲುಗಲಿಲ್ಲ. 1681ರಲ್ಲಿ ಆಕ್ಸ್‌ಫರ್ಡಿನಲ್ಲಿ ಸೇರಿದ್ದ ಪಾರ್ಲಿಮೆಂಟನ್ನು ವಿಸರ್ಜಿಸಿ, ಫ್ರಾನ್ಸಿನ ಹಣದ ಬೆಂಬಲದಿಂದ, ಸಾಯುವವರೆಗೂ ಮತ್ತೊಂದನ್ನು ಕರೆಯದೆ ಆಳಿದನು. 1685ರ ಫೆಬ್ರವರಿ 2ರಂದು ಹಠಾತ್ತಾಗಿ ಕಾಯಿಲೆ ಬಿದ್ದನು. 5ರ ಸಂಜೆ ಮಂಚದ ಬಳಿಯಿದ್ದವರನ್ನೆಲ್ಲ ಹೊರಗೆ ಕಳುಹಿಸಿ, ವೇಷ ಮರೆಸಿದ ಒಬ್ಬ ಮುದುಕನನ್ನು ಹಿಂಬಾಗಿಲಿನಿಂದ ಕರೆತಂದರು. ಅವನು ಹಡಲ್‌ಸ್ಟನ್ ಪಾದ್ರಿ. ಮೂವತ್ತಮೂರು ವರ್ಷಗಳ ಹಿಂದೆ ಮೋಸ್ಲಿಯಲ್ಲಿ ಪಾದ ತೊಳೆದವನೇ ಕೊನೆಯ ಸಂಸ್ಕಾರವನ್ನು ಮಾಡಿ ಅರಸನನ್ನು ತನ್ನ ಮತಕ್ಕೆ ಸೇರಿಸಿಕೊಂಡನು. ಮರುದಿನ ಚಾರ್ಲ್ಸನು ಕಣ್ಣು ಮುಚ್ಚಿದನು. ಅವನಿಗೆ ರಾಣಿಯಲ್ಲಿ ಮಕ್ಕಳಿರಲಿಲ್ಲ. ಪಟ್ಟಕ್ಕೆ ಬಂದ ಜೇಮ್ಸನು 1688ರಲ್ಲಿ ದೇಶ ಬಿಟ್ಟು ಓಡಬೇಕಾಯಿತು. 1689ರ ಹಕ್ಕುಗಳ ಶಾಸನ ಅರಸನ ಮೇಲೆ ಕಾನೂನನ್ನು ಕೂರಿಸಿತು.

ಚಾರ್ಲ್ಸನನ್ನು ದುಷ್ಟನೆಂದು ಕರೆಯಲು ನನಗೆ ಮನಸ್ಸು ಬಾರದು. ರಾಯಲ್ ಸೊಸೈಟಿಗೆ 1662ರಲ್ಲಿ ಸನದು ಕೊಟ್ಟವನು, 1675ರಲ್ಲಿ ಗ್ರೀನಿಚ್ ವೀಕ್ಷಣಾಲಯವನ್ನು ಸ್ಥಾಪಿಸಿದವನು ಅವನೇ. ಸರಸಿ, ಬುದ್ಧಿವಂತ, ಬಡವರೊಡನೆ ಬಿಗುಮಾನವಿಲ್ಲದೆ ಮಾತನಾಡಬಲ್ಲವನು. ತನಗೆ ಗುರುತಿದ್ದ ಮುಖಗಳ ಋಣವನ್ನು ಅವನು ಉದಾರವಾಗಿ ತೀರಿಸಿದನು. ಗುರುತಿಲ್ಲದವರ ಋಣವನ್ನು ತೀರಿಸಲಿಲ್ಲ. ಚೀಟಿ ಹಿಡಿದ ನಾವಿಕನೂ ಸೆರೆಯಲ್ಲಿ ಸತ್ತ ಕ್ವೇಕರನೂ ಅವನನ್ನು ಬಚ್ಚಿಟ್ಟವರಲ್ಲವಷ್ಟೆ. ದಯೆಗೆ ನೆನಪು ಬೇಕು, ಮುಖ ಬೇಕು. ನ್ಯಾಯಕ್ಕೆ ಅವೆರಡೂ ಬೇಕಾಗಿಲ್ಲ. ಆದ್ದರಿಂದ ದಯಾವಂತನಾದ ಅರಸನು ಮರಳಿ ಬಂದ ಮಾತ್ರಕ್ಕೆ ನ್ಯಾಯ ಮರಳಿ ಬಂದಂತಾಗುವುದಿಲ್ಲ.

ಅವನ ಆಳ್ವಿಕೆಯಿಂದ ನಮ್ಮವರೆಗೂ ಉಳಿದು ಬಂದಿರುವುದು ಯಾವುದೆಂದು ನೋಡಿದರೆ, ಓಕ್ ಮರದ ಕಥೆಗಿಂತ 1679ರ ಹೇಬಿಯಸ್ ಕಾರ್ಪಸ್ ಶಾಸನವೇ ದೊಡ್ಡದಾಗಿ ಕಾಣುತ್ತದೆ. ಸೆರೆ ಹಿಡಿದವನನ್ನು ನ್ಯಾಯಾಧೀಶನ ಮುಂದೆ ನಿಲ್ಲಿಸಿ ಕಾರಣ ಹೇಳಬೇಕೆಂಬ ಹಳೆಯ ನಿಯಮವನ್ನು ಅದು ಬಲಪಡಿಸಿತು. ಚಾರ್ಲ್ಸನು ಅದನ್ನು ಬಯಸಿ ಕೊಟ್ಟದ್ದಲ್ಲ. ಅವನ ವಿರೋಧಿಗಳು ಪಾರ್ಲಿಮೆಂಟಿನಲ್ಲಿ ಹೋರಾಡಿ ಪಡೆದದ್ದು. ಅದೇ ತತ್ತ್ವ ನಮ್ಮ ಸಂವಿಧಾನದ 32 ಮತ್ತು 226ನೆಯ ವಿಧಿಗಳ ಮೂಲಕ ನಮ್ಮ ದೇಶದ ಕಟ್ಟಕಡೆಯ ಹಳ್ಳಿಯವನನ್ನೂ ಕಾಯುತ್ತಿದೆ. ಆ ಕಾವಲು ಪಡೆಯಲು ಅವನು ಯಾವ ಅರಸನ ಪಾದವನ್ನೂ ತೊಳೆದಿರಬೇಕಾಗಿಲ್ಲ.

ನಮ್ಮಂತಹವರಿಗೆ ಈ ಭೇದ ಪುಸ್ತಕದ ವಿಷಯ ಮಾತ್ರವಲ್ಲ. ಹಿಂದೆ ಬಡವರ ಮನೆಯ ಹುಡುಗನು ಓದಬೇಕಾದರೆ ಒಬ್ಬ ಧಣಿಯ ಕಣ್ಣಿಗೆ ಬೀಳಬೇಕಾಗಿತ್ತು. ಅವನ ಮನೆಯ ವಾರಾನ್ನ ಉಣ್ಣಬೇಕಾಗಿತ್ತು. ಹಾಗೆ ಓದಿಸಿದ ಪುಣ್ಯಾತ್ಮರಿಗೆ ಕೃತಜ್ಞತೆ ಸಲ್ಲಲೇಬೇಕು. ಆದರೆ ಅದೇ ಓಣಿಯಲ್ಲಿ ಧಣಿಯ ಕಣ್ಣಿಗೆ ಬೀಳದೆ ಹೋದ ಹುಡುಗರು ಎಷ್ಟು ಮಂದಿ! ಇಂದು ಸರ್ಕಾರಿ ಕಾಲೇಜಿನ ಬೆಂಚಿನ ಮೇಲೆ ನಾನು ಕುಳಿತಿರುವುದು ಯಾರ ನೆನಪಿನ ದಯೆಯಿಂದಲೂ ಅಲ್ಲ. ಕಾನೂನು ಕೊಟ್ಟ ಹಕ್ಕಿನಿಂದ. ಈ ವರ್ಷ ಪದವಿ ಪಡೆದು ಹೊರಬೀಳುವ ಸಹಪಾಠಿಗಳಲ್ಲಿ ಹಲವರು ನಾಳೆ ಕಚೇರಿಗಳಲ್ಲಿ, ಶಾಲೆಗಳಲ್ಲಿ, ಪಂಚಾಯಿತಿಗಳಲ್ಲಿ ಅಲ್ಪಸ್ವಲ್ಪ ಅಧಿಕಾರವುಳ್ಳವರಾಗುತ್ತಾರೆ. ತಮಗೆ ಅನ್ನವಿಟ್ಟವರನ್ನು ಅವರು ಮರೆಯಲಾರರೆಂದು ನಾನು ಬಲ್ಲೆ. ಅನ್ನವಿಡದ, ಗುರುತಿಲ್ಲದ, ಚೀಟಿ ಹಿಡಿದು ಬಾಗಿಲಲ್ಲಿ ನಿಂತವನ ಬಾಕಿಯೂ ತಮ್ಮ ಮೇಲಿದೆಯೆಂಬುದನ್ನು ಅವರು ಮರೆಯದಿರಲಿ.